ಅತ್ತೆಯ ಗ್ರೀನ್ ಕಾರ್ಡು, ಐದು ವರ್ಷದ ಲೆಕ್ಕ

ಹಿಂದಿನ ಓಣಿ ಅತ್ತೆ ನಮ್ಮ ಅಂಗಡಿಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ ಇರ್ಬೇಕು, ಕರೆಂಟ್ ಹೋಗಿ ಯುಪಿಎಸ್ ಕುಯ್ ಕುಯ್ ಅಂತಿತ್ತು, ಯಾರದೋ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಓಟಿಪಿ ಹತ್ರ ಬಂದು ನಿಂತಿತ್ತು, ನಂಗೋ ಹೊಟ್ಟೆ ಹಸಿವು. ಅತ್ತೆ ಅಂದ್ರೆ ಸ್ವಂತ ಅತ್ತೆ ಅಲ್ಲ, ದಾವಣಗೆರೆ ನಿಟುವಳ್ಳಿಯ ನಮ್ಮ ಓಣಿಯಲ್ಲಿ ಎಲ್ರಿಗೂ ಅವರು ಅತ್ತೇನೇ. ಕೈಯಲ್ಲಿ ಸೀರೆ ಅಂಗಡಿ ಕವರ್, ಅದರೊಳಗೆ ಪಾಸ್‌ಪೋರ್ಟು, ಮಾವನ ಮರಣ ಪ್ರಮಾಣಪತ್ರ, ಮುಂಬೈ ಕಾನ್ಸುಲೇಟಲ್ಲಿ ಇಂಟರ್‌ವ್ಯೂ ಮುಗಿಸಿದ ಕಾಗದ, ಡಾಕ್ಟರ್ ಚೀಟಿ, ಎಲ್ಲಾ ಒಂದೇ ರಬ್ಬರ್ ಬ್ಯಾಂಡಲ್ಲಿ. ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದಾನೆ, ಅಲ್ಲಿ ಸಿಟಿಜನ್ ಆದ ಕೂಡಲೆ ಅಮ್ಮನ ಗ್ರೀನ್ ಕಾರ್ಡಿಗೆ, ಅಂದ್ರೆ ಅಮೇರಿಕಾದಲ್ಲಿ ಖಾಯಂ ಇರೋ ಪರವಾನಗಿಗೆ, ಹಾಕಿದ್ದ, ವೀಸಾ ಆಯ್ತು, ಕಾರ್ಡು ಅಲ್ಲಿ ಹೋದ್ಮೇಲೆ ಪೋಸ್ಟಲ್ಲಿ ಬರತ್ತೆ.

"ತಮ್ಮಾ, ಅಲ್ಲಿ ಹೋದ್ಮ್ಯಾಲೆ ನನ್ನ ಬಿಪಿ ಗುಳಿಗಿ ಗೌರ್ಮೆಂಟೇ ಕೊಡ್ತತಂತಲ್ಲ, ವಯಸ್ಸಾದೋರಿಗೆ ಡಾಲರಲ್ಲಿ ಪಿಂಚಣೀನೂ ಐತಂತೆ, ಅದಕ್ಕೆ ಇಲ್ಲಿಂದ್ಲೇ ಅರ್ಜಿ ಹಾಕಾಕ್ ಬರ್ತತೇನು?" ಅಂತ ಕೇಳಿದ್ರು.

ಯಾರ್ ಹೇಳಿದ್ರು ಅಂದ್ರೆ, ಎಂಸಿಸಿ ಬಿ ಬ್ಲಾಕಲ್ಲಿ ಅವರ ಗೆಳತಿ ಒಬ್ರಿದಾರಂತೆ, ಅವರ ಬೀಗರಿಗೆ ಅಲ್ಲಿ ಎಲ್ಲಾ ಫ್ರೀ ಅಂತೆ. ಈ ಅಂತೆ ಕಂತೆ ಮೇಲೆ ನಮ್ಮ ಊರಲ್ಲಿ ಎಷ್ಟ್ ಜನ ಅಮೇರಿಕಾಕ್ಕೆ ಹೋಗಿದಾರೋ.

ನಾನು ಬಾಯಿ ತೆಗೆಯೋ ಮೊದ್ಲೇ ಇನ್ನೊಬ್ಬ ಬಂದ. ಬಿಹಾರದ ಹುಡುಗ, ನಮ್ಮ ರೋಡಿನ ಕೊನೆಗೆ ಎದ್ದಿರೋ ಅಪಾರ್ಟ್‌ಮೆಂಟಿಗೆ ಟೈಲ್ಸ್ ಹಾಕೋ ಗ್ಯಾಂಗಲ್ಲಿದಾನೆ, ಮೊಣಕಾಲಿಗೆಲ್ಲ ಬಿಳಿ ಸಿಮೆಂಟು. ಮೊಬೈಲಲ್ಲಿ ರೇಷನ್ ಕಾರ್ಡ್ ಫೋಟೋ ತೋರ್ಸಿ, ಭೈಯಾ, ಇದರ ಮೇಲೆ ಇಲ್ಲಿ ಅಕ್ಕಿ ಸಿಗ್ತದಾ, ಅಂಗಡಿಯವ್ರು ಇದು ನಿಮ್ಮೂರಿನ ಕಾರ್ಡು ನಡಿ ಅಂದ್ರು ಅಂತ ಅವನ ಹಿಂದೀಲಿ ಕೇಳಿದ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೇ ಆದ್ರೂ ರೇಷನ್ ಅನ್ನೋ ಮಾತು ಕಿವಿಗೆ ಬಿತ್ತಲ್ಲ, "ಎಲ್ಲೆಲ್ಲಿಂದ್ಲೋ ಬಂದೋರಿಗೆಲ್ಲ ನಮ್ಮ ಅಕ್ಕಿ ಹಂಚಿದ್ರೆ ನಮಗೇನ್ ಉಳೀತತಪ್ಪಾ" ಅಂದ್ಬಿಟ್ರು. ಕವರಲ್ಲಿ ಅಮೇರಿಕಾ ವೀಸಾ ಇಟ್ಕೊಂಡು. ನಾನು ನಗಲಿಲ್ಲ, ದೊಡ್ಡೋರು.

ಹುಡುಗನ ಕೇಸ್ ಸುಲಭ ಇತ್ತು, ಅದನ್ನ ಮೊದ್ಲು ಹೇಳಿ ಮುಗಿಸ್ತೀನಿ. 2013ರ ಆಹಾರ ಭದ್ರತಾ ಕಾಯ್ದೆ ಕೆಳಗೆ ಬರೋ ಕಾರ್ಡ್ ಆಗಿದ್ರೆ, ಆಧಾರ್ ಲಿಂಕ್ ಆಗಿದ್ರೆ, ದೇಶದ ಯಾವ ನ್ಯಾಯಬೆಲೆ ಅಂಗಡೀಲಿ ಬೇಕಾದ್ರೂ ಅಕ್ಕಿ ತಗೋಬಹುದು, ಒಂದು ದೇಶ ಒಂದು ರೇಷನ್ ಕಾರ್ಡ್ ಅಂತಾರಲ್ಲ ಅದೇ. ಕರ್ನಾಟಕ ಇದಕ್ಕೆ ಸೇರಿದ್ದು 2020ರ ಜನವರಿಗೆ, 2022ರ ಜೂನಲ್ಲಿ ಅಸ್ಸಾಂ ಸೇರಿದ್ಮೇಲೆ ಇಡೀ ದೇಶ ಆಯ್ತು. ಕಾರ್ಡ್ ಇಲ್ಲಿಗೆ ವರ್ಗ ಮಾಡಿಸೋದೂ ಬೇಡ, ಊರಲ್ಲಿ ಅಪ್ಪ ಅಮ್ಮ ಅವರ ಪಾಲು ತಗೋತಾ ಇರ್ಲಿ, ಇವನು ಇವನ ಪಾಲಿನ 5 ಕೆಜಿ ಇಲ್ಲಿ ತಗೋಬಹುದು. ಕೇಂದ್ರದ್ದು ಮಾತ್ರ ಸಿಗತ್ತೆ, ನಮ್ಮ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗಲ್ಲ. ಸಾಯಂಕಾಲ ಅವನ ಜೊತೆ ನಾನೇ ಹೋದೆ. ಅಂಗಡಿಯವ್ನು ಆಗಲ್ಲ ಸಾರ್, ಸರ್ವರ್ರು ಅಂತ ಶುರು ಮಾಡಿದ, ರೇಷನ್ ಸಹಾಯವಾಣಿ 14445ಕ್ಕೆ ಫೋನ್ ಹಚ್ಲಾ ಅಂದ ತಕ್ಷಣ ಮಿಷಿನ್ ಈಚೆಗೆ ಬಂತು. ಮೊದ್ಲು ಹೆಬ್ಬೆಟ್ಟು ಇಟ್ಟ, ಬರಲಿಲ್ಲ. ಸಿಮೆಂಟಲ್ಲಿ ಗೆರೆ ಎಲ್ಲಾ ತೇದು ಹೋಗಿದಾವೆ ಪಾಪ. ತೋರುಬೆರಳು ಇಟ್ಟ, ಅದೂ ಇಲ್ಲ. ಎಡಗೈ ನಡುಬೆರಳನ್ನ ಪ್ಯಾಂಟಿಗೆ ಉಜ್ಜಿ ಉಜ್ಜಿ ಇಟ್ಟಾಗ ಟಿಣ್ ಅಂತು, ಚೀಟಿ ಬಂತು, 5 ಕೆಜಿ ತೂಕ ಹಾಕಿ ಕೊಟ್ಟ. ಅಷ್ಟೇ. ಗೊತ್ತಿಲ್ದೆ ಎಂಟು ತಿಂಗ್ಳು ಅಂಗಡಿ ಅಕ್ಕಿ ಕೊಂಡು ತಿಂದಿದಾನೆ.

ಅತ್ತೆ ಕೇಸ್ ಅಷ್ಟು ಸುಲಭ ಇರ್ಲಿಲ್ಲ. ನಾನು ಲಾಯರ್ ಅಲ್ಲ, ಅರ್ಜಿ ತುಂಬೋನು, ಅರ್ಜಿ ತುಂಬೋರಿಗೆ ಒಂದು ಚಾಳಿ ಇರತ್ತೆ, ಯಾವ ಸ್ಕೀಮ್ ಆದ್ರೂ ಮೊದ್ಲು ಅರ್ಹತೆ ಕಾಲಂ ಓದೋದು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಅವರ ಮಗನಿಗೆ ವಿಡಿಯೋ ಕಾಲ್ ಹಾಕಿದ್ವಿ, ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ಅವನೂ ನನ್ನ ಜೊತೆ ಡಿಆರ್‌ಎಂ ಕಾಲೇಜಲ್ಲಿ ಓದಿದೋನೇ, ಐಟಿಯಲ್ಲಿ ದೊಡ್ಡ ಕೆಲಸ, ಆದ್ರೆ ಅಮ್ಮನ ಇನ್ಶೂರೆನ್ಸ್ ಏನ್ ಮಾಡಿದೀಯೋ ಅಂದ್ರೆ "ಬರ್ಲಿ ನೋಡೋಣ" ಅಂದ. ನಂಗೆ ಅಲ್ಲೇ ಪಿತ್ತ ನೆತ್ತಿಗೇರ್ತು.

ವಿಷಯ ಏನು ಅಂದ್ರೆ, ಅಮೇರಿಕಾದಲ್ಲಿ 1996ರ ಆಗಸ್ಟ್ 22ಕ್ಕೆ ಬಿಲ್ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದ್ರು, ಅವತ್ತಿಂದ ಹೊಸದಾಗಿ ಗ್ರೀನ್ ಕಾರ್ಡ್ ಮೇಲೆ ಬಂದೋರಿಗೆ ಬಡವರ ಲೆಕ್ಕದಲ್ಲಿ ಕೊಡೋ ಫೆಡರಲ್ ಸೌಲಭ್ಯಗಳು ಮೊದಲ ಐದು ವರ್ಷ ಸಾಮಾನ್ಯವಾಗಿ ಇಲ್ಲ. ಮೆಡಿಕೇಡ್ ಅಂದ್ರೆ ಬಡವರ ಆರೋಗ್ಯ ವಿಮೆ, ಸ್ನ್ಯಾಪ್ ಅಂದ್ರೆ ರೇಷನ್ ಥರ ಕಾರ್ಡಲ್ಲಿ ಬರೋ ಊಟದ ದುಡ್ಡು, ಇವೆಲ್ಲಾ ಅದರಲ್ಲಿ ಬರತ್ತೆ. ಮಕ್ಕಳಿಗೆ, ಗರ್ಭಿಣಿಯರಿಗೆ ಕೆಲವು ವಿನಾಯಿತಿ ಇದಾವೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ಆದ್ರೆ ಅರವತ್ತೆಂಟರ ಅತ್ತೆ ಮಗುನೂ ಅಲ್ಲ ಬಸುರೀನೂ ಅಲ್ಲ. ಇದನ್ನ ಹಂಗೇ ಹೇಳಿದ್ದಕ್ಕೆ "ಥೂ ಹೋಗೋ" ಅಂತ ಬೆನ್ನಿಗೊಂದು ಬಿಟ್ರು.

ಇನ್ನು ಆ ಡಾಲರ್ ಪಿಂಚಣಿ. ಅದರ ಹೆಸ್ರು ಎಸ್‌ಎಸ್‌ಐ, ವಯಸ್ಸಾಗಿ ಆದಾಯ ಇಲ್ಲದೋರಿಗೆ, ಅಂಗವಿಕಲರಿಗೆ ಕೊಡ್ತಾರೆ. ಗ್ರೀನ್ ಕಾರ್ಡ್‌ನೋರಿಗೆ ಇದರಲ್ಲಿ ಐದು ವರ್ಷ ಸಾಲಲ್ಲ, 40 ಕ್ವಾರ್ಟರ್ ದುಡಿಮೆ ಬೇಕು, ಕ್ವಾರ್ಟರ್ ಅಂದ್ರೆ ಅಲ್ಲಿ ದುಡಿದಿದ್ದಕ್ಕೆ ಸಿಗೋ ಅಂಕ ಇದ್ದ ಹಂಗೆ, ವರ್ಷಕ್ಕೆ ನಾಲ್ಕೇ ಸಿಗೋದ್ರಿಂದ ಕಡಿಮೆ ಅಂದ್ರೂ ಹತ್ತು ವರ್ಷ. ಗಂಡ ದುಡಿದಿದ್ರೆ ಹೆಂಡತಿ ಲೆಕ್ಕಕ್ಕೆ ಸೇರತ್ತೆ. ಮಗ ದುಡಿದಿದ್ದು ಅಮ್ಮನ ಲೆಕ್ಕಕ್ಕೆ ಸೇರಲ್ಲ! ಮಾವ ಮೂವತ್ತು ವರ್ಷ ಇಲ್ಲೇ ಹತ್ತಿ ಮಿಲ್ಲಲ್ಲಿ ಪಾಳಿ ಮೇಲೆ ಪಾಳಿ ದುಡಿದ್ರಲ್ಲ, ಅದು ಅಲ್ಲಿ ಸೊನ್ನೆ, ಅಮೇರಿಕಾಕ್ಕೂ ನಮಗೂ ಆ ಥರ ಸೋಷಿಯಲ್ ಸೆಕ್ಯುರಿಟಿ ಒಪ್ಪಂದಾನೇ ಇಲ್ಲ. ಅತ್ತೆ ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ನಾದ್ರು. "ಅವರ ಮಿಲ್ಲಿನ ಪಿಂಚಣಿ ಇಲ್ಲೇ ಸಾವಿರ ಚಿಲ್ರೆ ಬರ್ತತಿ, ಅಲ್ಲಿ ಏನ್ ಬಂದೀತು" ಅಂದ್ರು, ತಮಗೆ ತಾವೇ ಹೇಳ್ಕೊಂಡ ಹಂಗೆ.

ಮಗನಿಗೆ ಗೊತ್ತಿಲ್ದೆ ಇದ್ದ ಇನ್ನೊಂದು ಸಂಗತಿ ಅವನೇ ಸಹಿ ಹಾಕಿದ ಕಾಗದದಲ್ಲಿತ್ತು. ಐ-864 ಅಂತ ಫಾರಂ, ನಮ್ಮಮ್ಮನ್ನ ನಾನು ನೋಡ್ಕೋತೀನಿ ಅಂತ ಸರ್ಕಾರಕ್ಕೆ ಬರ್ಕೊಡೋ ಮುಚ್ಚಳಿಕೆ ಇದ್ದ ಹಂಗೆ. ಬಡತನದ ಗೆರೆಯ 125 ಪರ್ಸೆಂಟ್ ಆದಾಯ ತೋರಿಸ್ಬೇಕು, ನಾಲ್ಕು ಜನರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಡಾಲರ್. ಅದನ್ನ ಅವನು ತೋರಿಸಿದಾನೆ, ಸರಿ. ಆದ್ರೆ ಈ ಮುಚ್ಚಳಿಕೆ ಅಮ್ಮ ಅಲ್ಲಿ ಸಿಟಿಜನ್ ಆಗೋತನಕ ಇಲ್ಲಾ 40 ಕ್ವಾರ್ಟರ್ ಲೆಕ್ಕಕ್ಕೆ ಬರೋತನಕ ಅವನ ಕುತ್ತಿಗೇಲೇ ಇರತ್ತೆ, ಅಮ್ಮ ಖಾಯಂ ವಾಪಸ್ ಬಂದ್ರೆ ಮುಗೀತು. ಅಲ್ಲೀವರೆಗೆ ಅಮ್ಮ ಏನಾದ್ರೂ ಅರ್ಜಿ ಹಾಕಿದ್ರೆ ಬಹಳ ಕಡೆ ಮಗನ ಸಂಬಳವನ್ನೇ ಅಮ್ಮನ ಆದಾಯ ಅಂತ ಹಿಡೀತಾರೆ, ಕೊಟ್ಟಿದ್ದನ್ನ ಮಗನಿಂದ ವಸೂಲಿ ಮಾಡೋಕೂ ಕಾನೂನಲ್ಲಿ ದಾರಿ ಇದೆ. "ಲಾಯರ್ ಸೈನ್ ಮಾಡು ಅಂದ್ರು, ಮಾಡ್ದೆ" ಅಂದ ಪುಣ್ಯಾತ್ಮ.

ಇದನ್ನ ಓದ್ತಾ ಇರೋರಿಗೆ ಅಮೇರಿಕಾ ಬಲೇ ಜಿಪುಣ ಅನ್ಸಬಹುದು. ನಮ್ಮಲ್ಲೂ ಗೆರೆ ಇದೆ ಮಾರಾಯ್ರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಸ್ಸು ಫ್ರೀ ಆಗಿರೋದು ಕರ್ನಾಟಕದ ಹೆಣ್ಮಕ್ಕಳಿಗೆ, ಆ ಟೈಲ್ಸ್ ಹುಡುಗನ ಹೆಂಡತಿ ಇಲ್ಲೇ ಮೂರು ಮನೆ ಪಾತ್ರೆ ತೊಳೀತಾಳೆ, ಆದ್ರೆ ಆಧಾರಲ್ಲಿ ಬಿಹಾರದ ಅಡ್ರೆಸ್ಸು, ಹರಿಹರಕ್ಕೆ ಹೋಗೋಕೆ ಟಿಕೆಟ್ ತಗೋತಾಳೆ. ಪಕ್ಕದ ಸೀಟಲ್ಲಿ ಬಂಗಾರದ ಬಳೆ ಹಾಕ್ಕೊಂಡ ಅಮ್ಮೋರಿಗೆ ಫ್ರೀ. ಗೆರೆ ಎಳೆಯೋರು ಯಾರ ಹೊಟ್ಟೆ ಖಾಲಿ ಅಂತ ನೋಡಲ್ಲ, ಯಾರ ಕಾಗದ ಎಲ್ಲೀದು ಅಂತ ನೋಡ್ತಾರೆ.

ಸರಿ, ಹಂಗಾರೆ ಅತ್ತೆಗೆ ಏನೂ ಇಲ್ವಾ ಅಂದ್ರೆ, ಇದೆ. ನಾವು ಹುಡುಕಿದ್ದೂ ಅದನ್ನೇ, ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಫೋನಲ್ಲಿ. ಮೊದಲನೇದು ಇನ್ಶೂರೆನ್ಸ್. ಕಂಪನಿ ಪಾಲಿಸೀಲಿ ಹೆಂಡತಿ ಮಕ್ಕಳು ಸೇರ್ತಾರೆ, ಅಪ್ಪ ಅಮ್ಮ ಸಾಮಾನ್ಯವಾಗಿ ಸೇರಲ್ಲ. ಆದ್ರೆ ಸರ್ಕಾರಿ ಮಾರ್ಕೆಟ್‌ಪ್ಲೇಸಲ್ಲಿ, ಅಂದ್ರೆ ಇನ್ಶೂರೆನ್ಸ್ ಕೊಳ್ಳೋ ಸರ್ಕಾರಿ ಸೈಟಲ್ಲಿ, ನ್ಯೂಜೆರ್ಸಿದು ಗೆಟ್ ಕವರ್ಡ್ ಎನ್‌ಜೆ, ಗ್ರೀನ್ ಕಾರ್ಡ್‌ನೋರು ಐದು ವರ್ಷ ಕಾಯದೇ ಪಾಲಿಸಿ ಕೊಳ್ಳಬಹುದು, ಹಳೇ ಬಿಪಿ ಶುಗರ್ ಇದೆ ಅಂತ ಇಲ್ಲ ಅನ್ನೋಹಂಗಿಲ್ಲ. ಹೊಸದಾಗಿ ಬಂದೋರಿಗೆ 60 ದಿನದ ಕಿಟಕಿ ಇರತ್ತೆ, ಅದು ಮುಚ್ಚಿದ್ರೆ ಮುಂದಿನ ಸೀಸನ್ನಿನವರೆಗೆ ಕಾಯ್ಬೇಕು. ನಮ್ಮ ಹುಡುಗ "ಬರ್ಲಿ ನೋಡೋಣ" ಅಂತ ಕೂತಿದ್ದು ಈ ಕಿಟಕಿ ಮುಂದೆ. ಮೇಲಾಗಿ ಆ ರಾಜ್ಯದಲ್ಲಿ 2019ರಿಂದ ಇನ್ಶೂರೆನ್ಸ್ ಇಲ್ಲದಿದ್ರೆ ಟ್ಯಾಕ್ಸ್ ಜೊತೆ ದಂಡಾನೂ ಕಟ್ಬೇಕು. ಸಬ್ಸಿಡಿ ಆದಾಯದ ಮೇಲೆ, ಅಮ್ಮನ್ನ ತನ್ನ ರಿಟರ್ನಲ್ಲಿ ಡಿಪೆಂಡೆಂಟ್ ಅಂತ ಹಾಕಿದ್ರೆ ಮನೆಯೋರೆಲ್ಲರ ಆದಾಯ ಸೇರಿ ಲೆಕ್ಕ ಹಾಕ್ತಾರೆ, ಹಂಗಾಗಿ ಇವನಿಗೆ ಅದರ ಆಸೆ ಬೇಡ.

ಮೆಡಿಕೇರ್ ಅಂತ ಒಂದಿದೆ, ಮೆಡಿಕೇಡ್ ಬೇರೆ ಮೆಡಿಕೇರ್ ಬೇರೆ, ಹೆಸ್ರಿಟ್ಟೋರಿಗೆ ಏನ್ ಬಂದಿತ್ತೋ. ಇದು 65 ದಾಟಿದೋರಿಗೆ. ಅಲ್ಲಿ ದುಡೀದೇ ಇರೋ ಅತ್ತೆಯಂಥೋರು ಗ್ರೀನ್ ಕಾರ್ಡಲ್ಲಿ ಐದು ವರ್ಷ ಒಂದೇ ಸಮ ಇದ್ದ ಮೇಲೆ ದುಡ್ಡು ಕಟ್ಟಿ ಸೇರಬಹುದು, ಫ್ರೀ ಅಲ್ಲ, 2025ರಲ್ಲಿ ಆಸ್ಪತ್ರೆ ಖರ್ಚಿನ ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚಿನ ಪಾರ್ಟ್ ಬಿಗೆ 185 ಇತ್ತು. ರೂಪಾಯಿಗೆ ಬದಲಾಯಿಸಿ ಹೇಳಿದ್ರೆ ಅತ್ತೆ ಟಿಕೆಟ್ ಕ್ಯಾನ್ಸಲ್ ಮಾಡ್ತಾರೆ ಅಂತ ನಾನು ಬಾಯಿ ಮುಚ್ಕೊಂಡೆ.

ಆಮೇಲೆ, ಎದೆ ಹಿಡ್ಕೊಂಡು ಎಮರ್ಜೆನ್ಸಿಗೆ ಹೋದ್ರೆ ಕಾರ್ಡು ಯಾವುದು, ದುಡ್ಡು ಎಷ್ಟು ಅಂತ ಕೇಳ್ಕೊಂಡು ಬಾಗಿಲಲ್ಲೇ ವಾಪಸ್ ಕಳ್ಸೋಹಂಗಿಲ್ಲ, 1986ರಿಂದ ಹಂಗೊಂದು ಕಾನೂನಿದೆ, ಬಿಲ್ ಮಾತ್ರ ಆಮೇಲೆ ಮನೆಗೆ ಬರತ್ತೆ. ಲಾಭಕ್ಕಲ್ಲದೆ ನಡೆಸೋ ಆಸ್ಪತ್ರೆಗಳು ಬಡವರಿಗೆ ಬಿಲ್ ಕಡಿಮೆ ಮಾಡೋ ಪಾಲಿಸಿ ಬರೆದು ಇಟ್ಕೊಂಡಿರಲೇಬೇಕು, ಆದ್ರೆ ಕೇಳದಿದ್ರೆ ಹೇಳೋರು ಕಡಿಮೆ. ಕಮ್ಯುನಿಟಿ ಹೆಲ್ತ್ ಸೆಂಟರಲ್ಲಿ ಆದಾಯ ನೋಡಿ ಫೀಸ್ ಇಳಿಸ್ತಾರೆ. ಅರವತ್ತು ದಾಟಿದೋರಿಗೆ ಸೀನಿಯರ್ ಸೆಂಟರಲ್ಲಿ ಮಧ್ಯಾಹ್ನದ ಊಟ ಇರತ್ತೆ, 1965ರ ಕಾನೂನಿಂದ ಬಂದಿದ್ದು, ಆದಾಯ ಎಷ್ಟು ಅಂತ ಕೇಳಲ್ಲ, ಇಷ್ಟ ಇದ್ರೆ ಡಬ್ಬಕ್ಕೆ ಒಂದೆರಡು ಡಾಲರ್ ಹಾಕ್ಬಹುದು. ಅತ್ತೆಗೆ ಈ ಇಡೀ ಪುರಾಣದಲ್ಲಿ ಖುಷಿ ಆಗಿದ್ದು ಇದೊಂದೇ. "ಅಲ್ಲಿ ನಾಕ್ ಜನ ಮಾತಾಡಾಕ್ ಸಿಗ್ತಾರೇನು?" ಅಂದ್ರು.

ನಡುವೆ ಇನ್ನೊಬ್ಬರ ಕಥೆ ನೆನಪಾಯ್ತು. ಚಿತ್ರದುರ್ಗದ ಕಡೆ ನಮ್ಮ ನೆಂಟರ ಹುಡುಗಿ, ಗಂಡ ಅಲ್ಲಿ ಪಿಎಚ್‌ಡಿ ಮಾಡ್ತಿದ್ದ, ಅವಳು ಎಫ್-2 ವೀಸಾ, ಅಂದ್ರೆ ಕೆಲಸ ಮಾಡೋಹಂಗಿಲ್ಲ, ಸ್ಟೈಪೆಂಡಲ್ಲಿ ಬಾಡಿಗೆ ಕಟ್ಟಿದ್ರೆ ತರಕಾರಿಗೆ ಎಣಿಸಬೇಕು, ಅದರಲ್ಲಿ ಬಸುರಿ. ವಿಕ್ ಅಂತ ಒಂದು ಯೋಜನೆ ಇದೆ, ನಮ್ಮ ಅಂಗನವಾಡಿ ಪೌಷ್ಟಿಕ ಆಹಾರದ ಥರ, ಗರ್ಭಿಣಿ ಬಾಣಂತಿ ಐದು ವರ್ಷದೊಳಗಿನ ಮಕ್ಕಳಿಗೆ ಹಾಲು ಮೊಟ್ಟೆ ಕಾಳು ಮಗುವಿನ ಹಾಲಿನ ಪುಡಿ ಕೊಡ್ತಾರೆ, ಅದಕ್ಕೆ ವೀಸಾ ಯಾವುದು ಅಂತ ನೋಡಲ್ಲ. ಕ್ಲಿನಿಕ್ಕಿನ ನರ್ಸ್ ಫಾರಂ ಕೈಗೇ ಕೊಟ್ಟಿದ್ರಂತೆ. ಇವರು ಹಾಕ್ಲಿಲ್ಲ. ಯಾಕಂದ್ರೆ ವಾಟ್ಸಾಪ್ ಗ್ರೂಪಲ್ಲಿ ಯಾರೋ, ಸರ್ಕಾರದ್ದು ಏನ್ ತಿಂದ್ರೂ ಪಬ್ಲಿಕ್ ಚಾರ್ಜ್ ಆಗಿ ಮುಂದೆ ಗ್ರೀನ್ ಕಾರ್ಡ್ ಸಿಗಲ್ಲ ಅಂತ ಹಾಕಿದ್ರು. ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಗ್ರೀನ್ ಕಾರ್ಡ್ ಕೇಳೋರು ಸರ್ಕಾರಕ್ಕೆ ಹೊರೆ ಆಗ್ತಾರಾ ಅಂತ ನೋಡೋ ನಿಯಮ ಇದೆ, 2020ರಲ್ಲಿ ಅದನ್ನ ಬಹಳ ಬಿಗಿ ಮಾಡಿದ್ರು, 2021ರಲ್ಲಿ ಅದು ಬಿದ್ದೋಯ್ತು, 2022ರ ಡಿಸೆಂಬರಿಂದ ಬಂದ ನಿಯಮದಲ್ಲಿ ಲೆಕ್ಕಕ್ಕೆ ಹಿಡಿಯೋದು ಜೀವನಕ್ಕೆ ಅಂತ ಕೊಡೋ ನಗದು ಸಹಾಯ, ಆಮೇಲೆ ಸರ್ಕಾರಿ ಖರ್ಚಲ್ಲಿ ದೀರ್ಘಕಾಲ ಸಂಸ್ಥೇಲಿ ಇಟ್ಟು ನೋಡ್ಕೊಳ್ಳೋದು, ಇವನ್ನ. ವಿಕ್, ಸ್ಕೂಲ್ ಊಟ, ಲಸಿಕೆ ಯಾವುದೂ ಅದರಲ್ಲಿಲ್ಲ. ಅಲ್ಲೇ ಹುಟ್ಟಿದ ಮಗು ಸಿಟಿಜನ್, ಮಗು ತನ್ನ ಹಕ್ಕಲ್ಲಿ ತಗೊಂಡಿದ್ದನ್ನ ಅಪ್ಪ ಅಮ್ಮನ ಖಾತೆಗೆ ಬರೆಯಲ್ಲ. 2025ರ ನವೆಂಬರಲ್ಲಿ ಆ 2022ರ ನಿಯಮ ತೆಗೀತೀವಿ ಅಂತ ಅಲ್ಲಿನ ಸರ್ಕಾರ ಪ್ರಸ್ತಾವ ಹಾಕಿದೆ, ಅದಕ್ಕೇ ಈಗ ಮುಂದೆ ಗ್ರೀನ್ ಕಾರ್ಡಿಗೆ ಹಾಕೋರು ಏನಾದ್ರೂ ತಗೊಳ್ಳೋ ಮೊದ್ಲು ತಿಳಿದೋರನ್ನ ಕೇಳೋದು ಒಳ್ಳೇದು. ಕೇಳೋದು ಅಂದೆ, ಹೆದರಿ ಬಿಡೋದು ಅಲ್ಲ. ಆ ಹುಡುಗಿ ಏಳನೇ ತಿಂಗಳಲ್ಲಿ ರಕ್ತ ಕಡಿಮೆ ಆಗಿ ಒದ್ದಾಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಆ ಗ್ರೂಪಿನೋರ ಮೇಲೆ ಸಿಟ್ಟು ಬರತ್ತೆ.

ಕಾನೂನು ಬದಲಾಗ್ತಾನೇ ಇದೆ. 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ದೊಡ್ಡ ಬಿಲ್ಲಲ್ಲಿ, ಯುದ್ಧ ಗಲಭೆ ಅಂತ ಓಡಿ ಬಂದ ನಿರಾಶ್ರಿತರಿಗೆ ಇದ್ದ ಸ್ನ್ಯಾಪ್ ಸೌಲಭ್ಯ ಕಿತ್ತಾಕಿದಾರೆ, ಮೊದ್ಲು ಅವರಿಗೆ ಐದು ವರ್ಷದ ತಡೆ ಇರ್ಲಿಲ್ಲ. ಮೆಡಿಕೇಡ್‌ಗೂ ಅದೇ ಗತಿ 2026ರ ಅಕ್ಟೋಬರ್ 1ರಿಂದ. ಹೋದ ವರ್ಷದ ಯೂಟ್ಯೂಬ್ ವಿಡಿಯೋ ನೋಡಿ ಈ ವರ್ಷ ಅರ್ಜಿ ಹಾಕೋದು ಅಂದ್ರೆ ಹಳೇ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಂಗೆ.

ಎಲ್ಲಿ ಕೇಳ್ಬೇಕು ಅನ್ನೋದು ಮಗನ ಪ್ರಶ್ನೆ. ಅಲ್ಲಿ 211 ಅಂತ ನಂಬರ್ ಇದೆ, ಊಟ ಬಾಡಿಗೆ ಔಷಧಿ ಏನೇ ಇರ್ಲಿ ಹತ್ರದಲ್ಲಿ ಯಾರು ಸಹಾಯ ಮಾಡ್ತಾರೆ ಅಂತ ಹೇಳ್ತಾರೆ. ಮೆಡಿಕೇರ್ ಗೊಂದಲಕ್ಕೆ ಪ್ರತಿ ರಾಜ್ಯದಲ್ಲೂ ಶಿಪ್ ಅನ್ನೋ ಫ್ರೀ ಸಲಹೆ ವ್ಯವಸ್ಥೆ ಇದೆ, ಅವರು ಪಾಲಿಸಿ ಮಾರೋರಲ್ಲ, ಅದು ಮುಖ್ಯ. ಅರ್ಜಿ ಹಾಕೋದು ಕೌಂಟಿಯ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಂಗೆ, ಸೋಷಿಯಲ್ ಸರ್ವೀಸಸ್ ಆಫೀಸಲ್ಲಿ. ವೀಸಾಗೆ ಸಂಬಂಧ ಇರೋ ಪ್ರಶ್ನೆ ಆದ್ರೆ ಇಮಿಗ್ರೇಷನ್ ಲಾಯರ್, ಇಲ್ಲಾಂದ್ರೆ ಅಲ್ಲಿನ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟಿರೋ ಸೇವಾ ಸಂಸ್ಥೆಗಳ ಪ್ರತಿನಿಧಿಗಳು, ಅವರು ಕಡಿಮೆ ದುಡ್ಡಿಗೋ ಫ್ರೀಯಾಗೋ ಮಾಡ್ತಾರೆ, ಆ ಪಟ್ಟಿ ಇಲಾಖೆ ಸೈಟಲ್ಲೇ ಇದೆ. ನೋಟರಿ ಬೋರ್ಡ್ ಹಾಕ್ಕೊಂಡು ಇಮಿಗ್ರೇಷನ್ ಸಲಹೆ ಕೊಡೋರ ಹತ್ರ ಹೋಗ್ಬೇಡಿ, ಅಲ್ಲಿ ನೋಟರಿ ಅಂದ್ರೆ ಸಹಿಗೆ ಸಾಕ್ಷಿ ಅಷ್ಟೇ, ಲಾಯರ್ ಆಗಿರ್ಬೇಕು ಅಂತೇನಿಲ್ಲ. ನಮ್ಮ ಊರಲ್ಲೂ ಕಮ್ಮಿ ಏನಿಲ್ಲ, ಅತ್ತೆಗೆ ಒಬ್ಬ ಏಜೆಂಟ್ "ಅಲ್ಲಿನ ಪೆನ್ಶನ್ ಮಾಡಿಸ್ಕೊಡ್ತೀನಿ" ಅಂತ ಆರು ಸಾವಿರ ಅಡ್ವಾನ್ಸ್ ಕೇಳಿದ್ನಂತೆ, ಅತ್ತೆ ಕೊಟ್ಟಿರ್ಲಿಲ್ಲ, ಜಿಪುಣತನ ಒಮ್ಮೊಮ್ಮೆ ಕೈ ಹಿಡಿಯತ್ತೆ.

ಹೋದ್ರು. ಮೂರು ತಿಂಗಳ ಮಾತ್ರೆ, ಚೀಟಿ ಸಮೇತ, ಮಂಡಕ್ಕಿ ಎರಡು ಕೆಜಿ. ಅರವತ್ತು ದಿನದೊಳಗೆ ಪಾಲಿಸೀನೂ ಆಯ್ತು.

ಕಳೆದ ಭಾನುವಾರ ಫೋನ್ ಬಂತು. ಡಾಕ್ಟರ್ ಹತ್ರ ಹೋಗಿದ್ರಂತೆ, ಮಗ ಪಾರ್ಕಿಂಗ್ ಹುಡುಕ್ತಿದ್ದ, ರಿಸೆಪ್ಷನ್ನಲ್ಲಿ ಯಾವ ಭಾಷೆ ಅಂತ ಕೇಳಿದ್ರು, ಇವರು ಕನ್ನಡ ಅಂದ್ರು. ನಾನೇ ಹೇಳಿಕೊಟ್ಟಿದ್ದೆ, ಆಸ್ಪತ್ರೇಲಿ ದುಭಾಷಿ ಕೇಳಿ, ದುಡ್ಡಿಲ್ಲ, ಅದು ನಿಮ್ಮ ಹಕ್ಕು ಅಂತ. ಫೋನಲ್ಲಿ ಒಬ್ಬ ಹೆಣ್ಮಗಳನ್ನ ಹಾಕಿದ್ರಂತೆ, ಮಂಗಳೂರು ಕಡೆಯೋಳು.

"ತಲೆ ತಿರುಗುವುದು ಉಂಟಾ ಅಂದ್ಳು ಕಣಪ್ಪಾ. ಉಂಟಾ ಅಂದ್ರೆ ಏನವ್ವಾ ಅಂದೆ. ಇದೆಯಾ ಅಂದ್ಳು. ಹಂಗನ್ನು ಮತ್ತೆ, ಐತಿ ಅಂದೆ. ಡಾಕ್ಟ್ರು ನಮ್ಮಿಬ್ರನ್ನೂ ನೋಡ್ಕೊಂತ ಕೂತಿದ್ದ."

ಸೀನಿಯರ್ ಸೆಂಟರ್ ಊಟಕ್ಕೆ ಉಪ್ಪಿಲ್ಲ ಖಾರ ಇಲ್ಲ, ಆದ್ರೆ ಒಬ್ರು ಗುಜರಾತಿ ಅಮ್ಮ, ಒಬ್ರು ಆಂಧ್ರದೋರು ಸಿಕ್ಕಿದಾರೆ, ಮೂವರೂ ಒಬ್ರಿಗೊಬ್ರು ಅರ್ಥ ಆಗದೇ ಚೆನ್ನಾಗಿ ಮಾತಾಡ್ತಾರಂತೆ. ಮನೆ ಮುಂದಿನ ತುಳಸಿಗೆ ನೀರು ಹಾಕಿದ್ಯಾ, ಮಿಲ್ಲಿನ ಪಿಂಚಣಿ ಜಮಾ ಆಗೈತಾ ನೋಡು, ಬೆಣ್ಣೆ ದೋಸೆ ಈಗೆಷ್ಟು, ಹಿಂಗೇ ಸಾಗಿ, ಇಡ್ತೀನಿ ಅಂದೋರು ಮತ್ತೆ "ಲೇ ತಮ್ಮಾ, ಆ ಹುಡುಗನಿಗೆ ಅಕ್ಕಿ ಸಿಕ್ತೇನೋ ಅವತ್ತು?" ಅಂದ್ರು.

ಸಿಕ್ತು ಅತ್ತೆ, ಐದು ಕೆಜಿ, ಎಡಗೈ ನಡುಬೆರಳು ಇಟ್ಟ ಮೇಲೆ ಅಂದೆ. ಈಗ ಇಲ್ಲ ಅವನು, ಬಿಲ್ಡಿಂಗ್ ಮುಗೀತು, ಗ್ಯಾಂಗು ಹುಬ್ಬಳ್ಳಿಗೆ ಹೋಯ್ತು.

"ಅಲ್ಲೂ ಕೊಡ್ತಾರೇನು?"

ಕೊಡ್ತಾರೆ, ಬೆರಳು ಬಂದ್ರೆ ಅಂದೆ. ಹೂಂ ಅಂದು ಇಟ್ರು.